ವಾಕ್ಯರೂಪದ ಲೆಕ್ಕದಲ್ಲಿ ಭಾಷಾ ಮಾದರಿ ಎಡವುವುದೆಲ್ಲಿ?

ಪ್ರಶ್ನೆ (ಬದಿಯಡ್ಕದ ಗಣಿತ ಅಧ್ಯಾಪಕ):
ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ಅಭ್ಯಾಸದ ಲೆಕ್ಕಗಳನ್ನು ಸಿದ್ಧಪಡಿಸಲು, ಲ್ಯಾಪ್‌ಟಾಪಿನಲ್ಲೇ ಓಡುವ ಸಣ್ಣ ಭಾಷಾ ಮಾದರಿಯೊಂದನ್ನು (ಚಾಟ್‌ಜಿಪಿಟಿಯಂತೆ ಕೇಳಿದ್ದಕ್ಕೆ ಉತ್ತರ ಬರೆಯುವ ತಂತ್ರಾಂಶ) ಬಳಸುತ್ತಿದ್ದೇನೆ. ಮೊನ್ನೆ ಕೊಟ್ಟ ಲೆಕ್ಕ ಇದು: "1 ಎಕ್ರೆ 20 ಸೆಂಟ್ಸ್ ಜಾಗದಲ್ಲಿ ಎರಡೂ ದಿಕ್ಕಿಗೆ 9 ಅಡಿ ಅಂತರ ಬಿಟ್ಟು ಅಡಿಕೆ ಸಸಿ ನೆಡಬೇಕು. ಪಕ್ಕದ ತೋಟದಲ್ಲಿ ಗಾಳಿಗೆ 12 ಮರ ಬಿದ್ದಿವೆ. ಸಸಿ ಎಷ್ಟು ಬೇಕು?" ವಿಸ್ತೀರ್ಣ 52,272 ಚದರ ಅಡಿ ಎಂದು ಸರಿಯಾಗಿ ಕಂಡುಹಿಡಿದ ಮಾದರಿ, 81ರಿಂದ ಭಾಗಿಸುವಾಗ 645ರ ಬದಲು 654 ಎಂದು ಬರೆದು, ಪಕ್ಕದ ತೋಟದ 12ನ್ನೂ ಅದಕ್ಕೆ ಕೂಡಿಸಿತು. ಹಂತ ಹಂತವಾಗಿ ಬಿಡಿಸಲು ಹೇಳಿದರೂ ಹಾಗೆಯೇ ಆಯಿತು. ಎಲ್ಲಿಂದ ತಿದ್ದಲಿ?

ಉತ್ತರ (ಮಂಜೇಶ್ವರದಿಂದ):
ಮಾಸ್ಟ್ರೇ, ಇಲ್ಲಿರುವುದು ಎರಡು ತಪ್ಪು, ಅವುಗಳ ಮದ್ದೂ ಬೇರೆ. ಮಾದರಿಯು ಸಂಖ್ಯೆಯನ್ನು ಸ್ಥಾನಬೆಲೆ ಹಿಡಿದು ಓದುವುದಿಲ್ಲ. ಅಂಕಿಗಳನ್ನು ಟೋಕನ್‌ಗಳಾಗಿ ತುಂಡರಿಸಿಕೊಂಡು ಮುಂದಿನ ತುಂಡನ್ನು ಊಹಿಸುತ್ತ ಹೋಗುತ್ತದೆ. ಆದ್ದರಿಂದ ಭಾಗಾಕಾರವನ್ನು ಅದಕ್ಕೆ ಬಿಡದೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರಿಂದ ನಾಲ್ಕು ಸಾಲು ಬರೆಯಿಸಿ ಕಂಪ್ಯೂಟರಿನಲ್ಲಿ ಓಡಿಸಿ. 12 ಮರಗಳದ್ದು ಹೆಚ್ಚು ಗಂಭೀರ ತಪ್ಪು. ಜಿಎಸ್‌ಎಂ8ಕೆ ಎಂಬ ಶಾಲಾ ಲೆಕ್ಕಗಳ ಸಂಗ್ರಹದಲ್ಲಿ ಆಪಲ್‌ನ ಸಂಶೋಧಕರು 2024ರಲ್ಲಿ ಸಂಖ್ಯೆಗಳನ್ನು ಬದಲಿಸಿ, ಸಂಬಂಧವಿಲ್ಲದ ವಾಕ್ಯಗಳನ್ನು ಸೇರಿಸಿ ನೋಡಿದಾಗ ದೊಡ್ಡ ಮಾದರಿಗಳೂ ಎಡವಿದ್ದವು. ಬಿಡಿಸುವ ಮೊದಲು ಯಾವ ಸಂಖ್ಯೆ ಏಕೆ ಬೇಕೆಂದು ಬರೆಯಲು ಹೇಳಿ ನೋಡಿ.

ಉತ್ತರ (ಕುಂಬಳೆಯಿಂದ):
ಒಂದೇ ಲೆಕ್ಕವನ್ನು ಹತ್ತು ಸಲ ಬಿಡಿಸಿ, ಹೆಚ್ಚು ಸಲ ಬಂದ ಉತ್ತರವನ್ನು ಆರಿಸುವ ಕ್ರಮವೂ ಇದೆ. ಆದರೆ ಪ್ರತಿ ಸಲವೂ 12ನ್ನು ಕೂಡಿಸುತ್ತಿದ್ದರೆ ಬಹುಮತವು ತಪ್ಪಿಗೇ ಸಿಗುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಮಾದರಿಗೆ ಕೊಡುವ ತರಬೇತಿ. ಉತ್ತರಪತ್ರಿಕೆಯಲ್ಲಿ ನಾವು ಹಂತ ಹಂತಕ್ಕೆ ಅಂಕ ಕೊಡುವಂತೆಯೇ, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪೆನಿ 2023ರಲ್ಲಿ ಸುಮಾರು 8 ಲಕ್ಷ ಹಂತಗಳಿಗೆ ಮನುಷ್ಯರಿಂದ ಗುರುತು ಹಾಕಿಸಿ ಪ್ರಕಟಿಸಿತು. ಕೊನೆಯ ಉತ್ತರವನ್ನಷ್ಟೇ ನೋಡಿ ಕಲಿಸುವುದಕ್ಕಿಂತ ಅದು ಹೆಚ್ಚು ಫಲ ಕೊಟ್ಟಿತು. ಜಿಎಸ್‌ಎಂ8ಕೆಯ 250 ಲೆಕ್ಕಗಳು 2022ರಲ್ಲಿ ಹತ್ತು ಭಾಷೆಗಳಿಗೆ ಅನುವಾದಗೊಂಡಾಗ ಅವುಗಳಲ್ಲಿ ತೆಲುಗು, ಬಂಗಾಳಿ ಇದ್ದವು, ಕನ್ನಡ ಇರಲಿಲ್ಲ. ಗಡಿನಾಡಿನ ಅಧ್ಯಾಪಕರು ತಿದ್ದಿದ ಹಂತಗಳು ಈ ಕೊರತೆಯನ್ನು ಸ್ವಲ್ಪವಾದರೂ ತುಂಬಬಹುದು.

ಬದಿಯಡ್ಕದ ಅಧ್ಯಾಪಕ:
ಇಬ್ಬರಿಗೂ ಧನ್ಯವಾದಗಳು. ಪೈಥಾನ್‌ನಿಂದ 645 ಬಂತು. ಸಂಖ್ಯೆಗಳ ಉದ್ದೇಶ ಬರೆಯಿಸಿದಾಗ 12ನ್ನು ಬಿಟ್ಟಿತು. ಆದರೆ "ಇದೇ ಜಾಗದಲ್ಲಿ ಈಗಾಗಲೇ ಸರಿಯಾದ ಅಂತರದಲ್ಲಿ 12 ಸಸಿಗಳಿವೆ" ಎಂದು ವಾಕ್ಯ ಬದಲಿಸಿದಾಗ, 633 ಬರಬೇಕಾದಲ್ಲಿ ಪುನಃ 645 ಎಂದೇ ಹೇಳಿತು. ಆದ್ದರಿಂದ ಇಂಥ ಲೆಕ್ಕಗಳನ್ನು ಜೋಡಿಯಾಗಿ ಬರೆದು, ಹಂತಗಳನ್ನು ಕೈಯಾರೆ ತಿದ್ದಿಡಲು ಆರಂಭಿಸಿದ್ದೇನೆ. ಈವರೆಗೆ ನಲ್ವತ್ತು ಜೋಡಿಗಳಾಗಿವೆ.