ಕೆಮ್ಮು-ನೆಗಡಿ ಇರುವ ಮಗುವನ್ನು ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕಾ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ ಹತ್ತು ತಿಂಗಳು. ನಿನ್ನೆಯಿಂದ ನೆಗಡಿ, ಕೆಮ್ಮು, ಜ್ವರ 101. ಈಗ ಎದೆ ಗೊರಗೊರ ಅಂತಿದೆ. ಬೆಳಗ್ಗೆವರೆಗೂ ಕಾಯಬಹುದಾ?

ಮಕ್ಕಳ ವೈದ್ಯರು: ಗೊರಗೊರ ಸದ್ದು ಹೆಚ್ಚಾಗಿ ಮೂಗು, ಗಂಟಲಿನ ಕಫದ್ದು. ನೀವು ನೋಡಬೇಕಾದ್ದು ಉಸಿರು. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರಲ್ಲ, ಲೆಕ್ಕ ತಪ್ಪುತ್ತೆ. 2 ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, 1ರಿಂದ 5 ವರ್ಷಕ್ಕೆ 40. ಅಷ್ಟು ಮುಟ್ಟಿದರೆ, ಮೀರಿದರೆ ಈಗಲೇ ತೋರಿಸಿ.

ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ಕಣ್ಣಿಡಿ. ಉಸಿರೆಳೆದಾಗಲೆಲ್ಲ ಅಲ್ಲಿ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ ಎಣಿಕೆ ಎಷ್ಟೇ ಇರಲಿ, ಹೊರಡಿ. ತುಟಿ, ನಾಲಿಗೆ ನೀಲಿಯಾದರೆ, ಉಸಿರು ನಡುನಡುವೆ ನಿಂತರೆ, ಎಬ್ಬಿಸಿದರೂ ಎಚ್ಚರಾಗದಿದ್ದರೆ ಆಂಬುಲೆನ್ಸ್ ಕರೆಯಿರಿ.

ಪ್ರಶ್ನೆ: ಎಣಿಸಿದೆ, 42. ಗುಳಿ ಇಲ್ಲ. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಜ್ವರ 99ಕ್ಕೆ ಇಳಿದಿದೆ. ಹಾಲು ಮಾತ್ರ ಅರ್ಧಕ್ಕರ್ಧ ಕಮ್ಮಿ. ಭಯ ಇಲ್ಲ ಅಲ್ವಾ?

ಮಕ್ಕಳ ವೈದ್ಯರು: 42 ಸಮಾಧಾನದ ಸಂಖ್ಯೆ. ಆದರೆ ಔಷಧಿಗೆ ಜ್ವರ ಇಳಿಯಿತು ಅಂದಮಾತ್ರಕ್ಕೆ ಕಾಯಿಲೆ ಹಗುರ ಅಂತಲ್ಲ, ದೊಡ್ಡ ಸೋಂಕಿನಲ್ಲೂ ಇಳಿಯುತ್ತೆ. ಜ್ವರ ಇಳಿದಾಗ ಮಗು ಮುಖ ನೋಡಿ ನಗುತ್ತಾ, ಆಟದ ಸಾಮಾನಿಗೆ ಕೈ ಚಾಚುತ್ತಾ ಅನ್ನೋದು ಮುಖ್ಯ. ಹಾಲು ಅರ್ಧವಾಗಿರೋದರಿಂದ ಬೆಳಗ್ಗೆ ತಪ್ಪದೆ ತೋರಿಸಿ. ಅಲ್ಲಿವರೆಗೆ ಮೂಗಿಗೆ ಸಲೈನ್ ಹನಿ ಹಾಕಿ, ಸ್ವಲ್ಪ ಸ್ವಲ್ಪವೇ ಪದೇಪದೇ ಕುಡಿಸಿ. ಕೆಮ್ಮಿನ ಸಿರಪ್ ಬೇಡ, ಒಂದು ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ. ಎಂಟು ಗಂಟೆ ಮೂತ್ರ ಮಾಡದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ಬೆಳಗಾಗುವುದನ್ನು ಕಾಯಬೇಡಿ.

ಇನ್ನೊಂದು ಮಾತು. ಈ ವಯಸ್ಸಿನ ಎದೆ ಸೋಂಕು ಮೂರರಿಂದ ಐದನೇ ದಿನದ ಹೊತ್ತಿಗೆ ಜೋರಾಗುವುದೇ ಹೆಚ್ಚು, ನಿಮ್ಮದಿನ್ನೂ ಎರಡನೇ ದಿನ. ಹಾಗಾಗಿ ಮತ್ತೆ ಮತ್ತೆ ಎಣಿಸಿ. ವೇಗವಾಗಿದ್ದ ಉಸಿರು ನಿಧಾನವಾಗಿ ಮಗು ಮಂಕಾದರೆ ಗುಣವಾಗುತ್ತಿದೆ ಅಂದುಕೊಳ್ಳಬೇಡಿ, ಉಸಿರಾಡಿ ಸೋತಿರುತ್ತೆ. ಆಗ ಆಂಬುಲೆನ್ಸೇ.

ಮತ್ತೊಬ್ಬರ ಪ್ರಶ್ನೆ: ನಮ್ಮ ಪಾಪುಗೆ 40 ದಿನ, ಮೈ ಬೆಚ್ಚಗಿದೆ. ಇದೇ ಲೆಕ್ಕ ನೋಡಲಾ ಸರ್?

ಮಕ್ಕಳ ವೈದ್ಯರು: ಇಲ್ಲಮ್ಮ, ಮೊದಲು ಥರ್ಮಾಮೀಟರ್ ಇಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಇದ್ದರೆ ಚೆನ್ನಾಗಿ ಕಂಡರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ. ಸಿರಪ್ ಕೊಟ್ಟು ಕಾಯುವಂತಿಲ್ಲ. ಜ್ವರವಿಲ್ಲದೆ ಮೈ ತಣ್ಣಗಾಗಿ ಹಾಲು ಬಿಟ್ಟರೂ ಅಷ್ಟೇ ತುರ್ತು.