ಆ ಹೊಗೆಯಲ್ಲಿ ಮಜಾ ಎಲ್ಲಿಂದ ಬಂತು ಮಾವ?

ದೊಡ್ಡಮಾವ: (ಫಾರ್ವರ್ಡ್) ಲಂಡನ್ನಿನ ಹಳಬರು ತಮ್ಮ ಬಾಲ್ಯದ ಹೊಗೆಮಂಜಿನ ಬಗ್ಗೆ ಬರೆದಿದ್ದಾರೆ. ಎಷ್ಟು ಚೆನ್ನಾಗಿದೆ ಓದಿ! ಬಸ್ಸಿನ ಮುಂದೆ ಕಂಡಕ್ಟರ್ ದೀಪ ಹಿಡಿದು ನಡೆಯುತ್ತಿದ್ದನಂತೆ. ನಾಟಕಶಾಲೆಯೊಳಗೂ ಹೊಗೆ ನುಗ್ಗಿ ಒಂದು ಆಪೆರಾ ಅರ್ಧಕ್ಕೇ ನಿಂತಿತಂತೆ. ಮಕ್ಕಳಿಗೆ ಶಾಲೆ ತಪ್ಪಿ ಮಜಾ. ಈಗಿನವರು ಸ್ವಲ್ಪ ಹೊಗೆ ಕಂಡರೂ ಕೂಗಾಡುತ್ತಾರೆ.

ದೆಹಲಿ ಅಕ್ಕ: ಮಾವ, ಬೇಜಾರು ಮಾಡ್ಕೋಬೇಡಿ, ಇದನ್ನು ಓದಿ ಹೊಟ್ಟೆ ಉರಿಯಿತು. ಅವರು ಹೇಳುತ್ತಿರುವುದು 1952ರ ಡಿಸೆಂಬರ್ 5ರಿಂದ 9ರವರೆಗಿನ ಕಥೆ. ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಕಾರ್ಖಾನೆ, ವಿದ್ಯುತ್ ಸ್ಥಾವರದ್ದೂ ಸೇರಿತು. ಗಾಳಿ ಬೀಸಲೇ ಇಲ್ಲ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು, ಹೊಗೆಯೆಲ್ಲ ಕೆಳಗೇ ಉಳಿಯಿತು. ಸತ್ತವರು ಸುಮಾರು 4,000 ಅಂತ ಆಗ ಲೆಕ್ಕ ಹಾಕಿದರು. ಆಮೇಲೆ ಲೆಕ್ಕ ಹಾಕಿದವರು 12,000ದವರೆಗೂ ಹೇಳುತ್ತಾರೆ. ಅದರಲ್ಲಿ ವಯಸ್ಸಾದವರು, ಹಸುಗೂಸುಗಳೇ ಜಾಸ್ತಿ.

ಚಿಕ್ಕಮ್ಮ: ಅಯ್ಯೋ, ಅಷ್ಟು ಜನವಾ? ಫಾರ್ವರ್ಡ್‌ನಲ್ಲಿ ಆ ಮಾತೇ ಇಲ್ವಲ್ಲ.

ದೊಡ್ಡಮಾವ: ಬರೆದವರು ಸುಳ್ಳು ಹೇಳಿಲ್ಲ ಕಣಮ್ಮಾ. ಮಕ್ಕಳ ಕಣ್ಣಿಗೆ ಕಂಡದ್ದು ಅಷ್ಟೇ. ನೆನಪಿಗೂ ಲೆಕ್ಕ ಕೇಳುತ್ತೀಯಾ?

ದೆಹಲಿ ಅಕ್ಕ: ನೆನಪು ಅವರದು, ಇಟ್ಟುಕೊಳ್ಳಲಿ. ಈಗಿನವರು ಕೂಗಾಡುತ್ತಾರೆ ಅಂದಿರಲ್ಲ, ನನ್ನ ತಕರಾರು ಅದಕ್ಕೆ. ಆಗಿನವರೂ ಕೂಗಾಡಿದರು ಮಾವ. ಸರ್ಕಾರ ಮೊದಮೊದಲು ಫ್ಲೂ ಜ್ವರದ ಮೇಲೆ ಹಾಕಿ ಜಾರಿಕೊಳ್ಳಲು ನೋಡಿತು. ಜನ ಬಿಡಲಿಲ್ಲ. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ಇಂಥ ಕಡೆ ಹೊಗೆ ಬರುವ ಕಲ್ಲಿದ್ದಲು ಸುಡಬಾರದು ಅಂತ ಆಯಿತು, ಮನೆಯ ಒಲೆ ಬದಲಾಯಿಸಲು ಸಹಾಯಧನವೂ ಸಿಕ್ಕಿತು. ಅಷ್ಟಾದರೂ 1962ರಲ್ಲಿ ಮತ್ತೆ ಅಂಥದ್ದೇ ಹೊಗೆ ಕವಿದು ಜನ ಸತ್ತರು. ಸುಮ್ನೆ ಕೂತಿದ್ದರೆ ಇನ್ನೇನಾಗುತ್ತಿತ್ತೋ!

ಇಲ್ಲೂ ಚಳಿಗಾಲದಲ್ಲಿ ಅದೇ ಆಗೋದು. 2016ರ ನವೆಂಬರ್‌ನಲ್ಲಿ ಶಾಲೆಗಳನ್ನೇ ಮುಚ್ಚಿದ್ದರು, ನೆನಪಿದೆಯಾ? ನಿಮ್ಮ ಮೊಮ್ಮಗಳು ಈಗ ಒಂದು ಕೈಯಲ್ಲಿ ನೆಬ್ಯುಲೈಸರ್ ಮೂಗಿಗೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದಾಳೆ. ಶಾಲೆಗೆ ರಜೆ ಅಂತ ಅವಳಿಗೂ ಖುಷಿಯೇ.

ದೊಡ್ಡಮಾವ: ಪಾಪುಗೆ ಅಷ್ಟು ಜಾಸ್ತಿಯಾಗಿದೆಯಾ? ನನಗೆ ಯಾಕೆ ಹೇಳಲಿಲ್ಲ? ಚಳಿಗಾಲ ಮುಗಿಯುವವರೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಬಾ.

ದೆಹಲಿ ಅಕ್ಕ: ಬರುತ್ತೇವೆ ಮಾವ. ಆದರೆ ಪಕ್ಕದ ಮನೆಯ ಮಗು ಎಲ್ಲಿಗೆ ಹೋಗಬೇಕು? ಪೈರಿನ ಕೂಳೆ ಸುಡುವುದು, ಡೀಸೆಲ್ ಹೊಗೆ, ಕಟ್ಟಡದ ದೂಳು, ಇದೆಲ್ಲ ಕಡಿಮೆ ಮಾಡಿ ಅಂತ ನಾವು ಕೂಗುತ್ತಲೇ ಇರುತ್ತೇವೆ. ಆ ಫಾರ್ವರ್ಡ್ ಇನ್ನೂ ಎಲ್ಲೆಲ್ಲಿಗೆ ಕಳಿಸಿದ್ದೀರೋ ಅಲ್ಲೆಲ್ಲ ಈ 4,000ದ ಲೆಕ್ಕವನ್ನೂ ಹಾಕಿಬಿಡಿ.