ಎಂಗೇಜ್‌ಮೆಂಟ್, ಅಲೈನ್‌ಮೆಂಟ್: ಕಾಳು ಆರಿಸುವವರಿಗೆ ಅರ್ಥವಾಗುವ ಕನ್ನಡ ಯಾವುದು?

ಗೆಳೆಯರೇ, ಎರಡು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕು.

ಹಾಸನದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಕಾಳನ್ನು ಸುಲಿದು, ಆರಿಸಿ, ಮಾರಾಟಕ್ಕೆ ಸಿದ್ಧ ಮಾಡುವ ಕಾರ್ಖಾನೆಗೆ) ಪ್ರಶ್ನೆಪಟ್ಟಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸಗಾರರ ಎಂಗೇಜ್‌ಮೆಂಟ್ (ಅಂದರೆ ಕೆಲಸದಲ್ಲಿ ಅವರ ಮನಸ್ಸು ಎಷ್ಟು ತೊಡಗಿದೆ ಅನ್ನುವುದು) ಹೇಗಿದೆ, ಕಂಪನಿಯ ಗುರಿಗೂ ಅವರ ದಿನದ ಕೆಲಸಕ್ಕೂ ಅಲೈನ್‌ಮೆಂಟ್ ಇದೆಯೇ, ಅಂದರೆ ಎರಡೂ ಒಂದೇ ಕಡೆಗೆ ಸಾಗುತ್ತಿವೆಯೇ ಎಂದು ತಿಳಿಯುವ ಪಟ್ಟಿ ಅದು. ಹೋದ ಸಲದ ಕನ್ನಡ ಪಟ್ಟಿಯಲ್ಲಿ ಮೊದಲನೆಯದಕ್ಕೆ 'ತೊಡಗಿಸಿಕೊಳ್ಳುವಿಕೆ', ಎರಡನೆಯದಕ್ಕೆ 'ಕಾರ್ಯತಂತ್ರದ ಹೊಂದಾಣಿಕೆ' ಎಂದು ಹಾಕಿದ್ದರು.

ತೊಂದರೆ ಶುರುವಾದದ್ದು 'ಹೊಂದಾಣಿಕೆ'ಯಿಂದ. "ನಿಮ್ಮ ಕೆಲಸದಲ್ಲಿ ಹೊಂದಾಣಿಕೆ ಎಷ್ಟಿದೆ?" ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಪೂರ್ತಿ ಅಂಕ ಕೊಟ್ಟಿದ್ದರು. ಯಾಕೆ ಅಂತ ಕಾಳು ಆರಿಸುವ ಒಬ್ಬರನ್ನು ಕೇಳಿದೆ. "ಹೊಂದಾಣಿಕೆಗೇನ್ ಸಾರ್, ನಾವೆಲ್ಲ ಅಕ್ಕತಂಗೇರ ಥರ ಇದ್ದೀವಿ, ಯಾರ ಹತ್ರಾನೂ ಜಗಳ ಇಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇದೆ. ನಮ್ಮಲ್ಲಿ ಹೊಂದಾಣಿಕೆ ಅಂದರೆ ಗಂಡ ಹೆಂಡತಿಯ ನಡುವೆ ಇರುವುದು, ಚುನಾವಣೆಯಲ್ಲಿ ಪಕ್ಷಗಳು ಮಾಡಿಕೊಳ್ಳುವುದು, ಸ್ವಲ್ಪ ನೀನು ಬಿಡು ಸ್ವಲ್ಪ ನಾನು ಬಿಡುತ್ತೇನೆ ಅನ್ನುವುದು. ಪ್ರಶ್ನೆ ಕೇಳಿದ್ದು ಒಂದು, ಅಂಕ ಬಂದದ್ದು ಇನ್ನೊಂದಕ್ಕೆ. ಆ ಅಂಕ ನೋಡಿ ಮೇಲಿನವರು ಎಲ್ಲ ಚೆನ್ನಾಗಿದೆ ಎಂದುಕೊಂಡರು.

ಆದರೆ ಅಲ್ಲಿ ನಿಜವಾಗಿ ಏನಾಗುತ್ತಿತ್ತು ನೋಡಿ. ಹೊರದೇಶಕ್ಕೆ ಒಳ್ಳೆಯ ಕಾಫಿ ಕಳಿಸಬೇಕು, ಕಪ್ಪು ಕಾಳು, ಒಡಕು ಕಾಳು ಬೆರೆಯಬಾರದು ಅನ್ನುವುದು ಮಾಲೀಕರ ಆಸೆ. ಆರಿಸುವವರಿಗೆ ಮಾತ್ರ ದಿನಕ್ಕೆ ಎಷ್ಟು ಕೆಜಿ ಆಯಿತು ಅನ್ನುವುದೇ ಲೆಕ್ಕ. ನಿಧಾನವಾಗಿ, ಚೆನ್ನಾಗಿ ಆರಿಸಿದರೆ ಕೆಜಿ ಕಡಿಮೆಯಾಗಿ ಬೈಸಿಕೊಳ್ಳಬೇಕು. ಅಲೈನ್‌ಮೆಂಟ್ ಇಲ್ಲ ಅಂದರೆ ಇದೇ. ಇದಕ್ಕೆ ನಮ್ಮ ಹತ್ತಿರ ಗಾದೆಯೇ ಇದೆಯಲ್ಲ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತ. ಗ್ಯಾರೇಜಿಗೆ ಹೋದರೂ ಅಷ್ಟೇ, ವೀಲ್ ಅಲೈನ್‌ಮೆಂಟ್ ತಪ್ಪಿದೆ ಅನ್ನುವ ಮೊದಲು "ಗಾಡಿ ಎಡಕ್ಕೆ ಎಳೀತಿದೆ" ಅನ್ನುತ್ತೇವೆ. ಕನ್ನಡದಲ್ಲಿ ಈ ವಿಷಯ ಇರುವುದು 'ಎಳೆ' ಅನ್ನುವ ಮಾತಿನಲ್ಲಿ, 'ಹೊಂದು' ಅನ್ನುವುದರಲ್ಲಿ ಅಲ್ಲ ಎಂದು ನನಗೆ ಅನ್ನಿಸಿದೆ. ಹಾಗಾಗಿ ಪಟ್ಟಿಯಲ್ಲಿ "ನಿಮ್ಮನ್ನು ಯಾವುದಕ್ಕೆ ಮೆಚ್ಚುತ್ತಾರೆ, ಜಾಸ್ತಿ ಕೆಜಿಗೋ ಚೆನ್ನಾಗಿ ಆರಿಸಿದ್ದಕ್ಕೋ?" ಎಂದು ನೇರವಾಗಿ ಬರೆದಿದ್ದೇನೆ. 1992ರಲ್ಲಿ ರಾಬರ್ಟ್ ಕಪ್ಲಾನ್ ಮತ್ತು ಡೇವಿಡ್ ನಾರ್ಟನ್ ಎಂಬ ಮ್ಯಾನೇಜ್‌ಮೆಂಟ್ ತಜ್ಞರು ಬ್ಯಾಲೆನ್ಸ್‌ಡ್ ಸ್ಕೋರ್‌ಕಾರ್ಡ್ ಎಂಬ ಪದ್ಧತಿಯನ್ನು ಮುಂದಿಟ್ಟಾಗ ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ಹಣದ ಲೆಕ್ಕ ಒಂದೇ ಸಾಲದು, ಗ್ರಾಹಕ, ಒಳಗಿನ ಕೆಲಸದ ರೀತಿ, ಕಲಿಕೆ ಇವನ್ನೂ ಅಳೆಯಬೇಕು, ಯಾಕೆಂದರೆ ಅಳೆಯುವುದರ ಕಡೆಗೇ ಜನ ನಡೆಯುತ್ತಾರೆ.

ಆದರೂ ತಲೆಬರಹಕ್ಕೆ ಒಂದು ಪದ ಬೇಕೇ ಬೇಕು. 'ಏಕಮುಖತೆ' ಅಂದರೆ ರಸ್ತೆಯ ಏಕಮುಖ ಸಂಚಾರದ ಬೋರ್ಡು ನೆನಪಾಗುತ್ತದೆ, ಮೇಲಿನಿಂದ ಕೆಳಕ್ಕೆ ಮಾತ್ರ ಮಾತು ಬರುವ ಹಾಗೆ ಕೇಳುತ್ತದೆ. 'ಜೋಡಣೆ' ಮೆಷಿನ್ನಿನದು. ಇನ್ನು 'ಕಾರ್ಯತಂತ್ರ' ಪತ್ರಿಕೆಯಲ್ಲಿ ಸರಿ, ಆದರೆ 'ತಂತ್ರ' ಎಂದ ಕೂಡಲೇ ಇಲ್ಲಿನವರಿಗೆ ಏನೋ ಒಳಗೊಳಗೆ ನಡೀತಿದೆ ಅನ್ನಿಸುತ್ತದೆ. ಅದನ್ನು ಬಿಟ್ಟು 'ಕಂಪನಿಯ ಗುರಿ' ಎಂದು ಹಾಕಿದ್ದೇನೆ. ಪರ್ಫಾರ್ಮೆನ್ಸ್‌ಗೆ 'ಕಾರ್ಯಕ್ಷಮತೆ' ಬೇಡ, 'ಕೆಲಸದ ಗುಣಮಟ್ಟ' ಸಾಕು.

ಎಂಗೇಜ್‌ಮೆಂಟ್ ಇನ್ನೂ ಕಷ್ಟ. ಊರಲ್ಲಿ ಎಂಗೇಜ್‌ಮೆಂಟ್ ಅಂದರೆ ನಿಶ್ಚಿತಾರ್ಥ, ಅದನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆಯಲು ಆಗುವುದಿಲ್ಲ. 'ತೊಡಗಿಸಿಕೊಳ್ಳುವಿಕೆ' ತಪ್ಪಲ್ಲ, ಆದರೆ ಎಂಟು ಅಕ್ಷರದ ಆ ಪದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. 'ನಿರತ' ನನಗೆ ತುಂಬಾ ಇಷ್ಟದ ಪದ. ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಕಾಯಕದಲ್ಲಿ ನಿರತನಾಗುವ ಮಾತು ಬರುತ್ತದೆ, ಅಲ್ಲಿ ಅದಕ್ಕೆ ಎಷ್ಟು ತೂಕ! ಈಗ ಅದು ಬ್ಯುಸಿ ಅನ್ನುವುದಕ್ಕೆ ಇಳಿದುಬಿಟ್ಟಿದೆ, ಫೋನ್ ಮಾಡಿದರೆ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿರುತ್ತಾರೆ. 'ಕಾಯಕ'ವನ್ನೇ ಬಳಸಿ ಎಂದು ಕೆಲವರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಕಾಯಕ ಮಾಡುವವರು ಮನಸಾರೆ ಹಿಡಿದದ್ದು, ಅದಕ್ಕೆ ಕಂಪನಿ ಅಂಕ ಹಾಕಬಾರದು.

'ಮನಸ್ಸಿಟ್ಟು ಕೆಲಸ ಮಾಡುವುದು' ಎಲ್ಲರಿಗೂ ಗೊತ್ತು. ಆದರೆ "ನೀವು ಮನಸ್ಸಿಟ್ಟು ಕೆಲಸ ಮಾಡುತ್ತೀರಾ?" ಎಂದು ಕೇಳಿದರೆ ಆಳುಗಳ ಕೆಲಸ ನೋಡಿಕೊಳ್ಳುವ ರೈಟರು ಗದರಿಸಿದ ಹಾಗಿರುತ್ತದೆ. ಯಾರು ತಾನೇ ಇಲ್ಲ ಅಂದಾರು? ಅದೂ ಅಲ್ಲದೆ ಹೊರೆಯೆಲ್ಲ ಕೆಲಸಗಾರರ ತಲೆ ಮೇಲೆ ಬೀಳುತ್ತದೆ. ಸಂಶೋಧಕ ವಿಲಿಯಂ ಕಾನ್ ಅವರು 1990ರ ತಮ್ಮ ಲೇಖನದಲ್ಲಿ ಎಂಗೇಜ್‌ಮೆಂಟಿನ ಈ ವಿಚಾರ ಎತ್ತಿದಾಗ ಹಾಗೆ ನೋಡಿರಲಿಲ್ಲ. ಬೇಸಿಗೆ ಶಿಬಿರವೊಂದರ ಮತ್ತು ಕಟ್ಟಡ ವಿನ್ಯಾಸದ ಸಂಸ್ಥೆಯೊಂದರ ಕೆಲಸಗಾರರನ್ನು ಗಮನಿಸಿ ಅವರು ಹೇಳಿದ್ದು ಮೂರು ಮಾತು: ಕೆಲಸಕ್ಕೆ ಅರ್ಥ ಇರಬೇಕು, ಹೆದರದೆ ನಾವು ನಾವಾಗಿ ಇರಲು ಆಗಬೇಕು, ಮೈಮನಸ್ಸಿನಲ್ಲಿ ಕಸುವು ಉಳಿದಿರಬೇಕು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕೊಟ್ಟವರ ಕೈಯಲ್ಲೇ ಇದೆ, ಅಲ್ವಾ? ಎಂಗೇಜ್‌ಮೆಂಟ್ ಅಂದರೇನು ಎಂದು ಹೇಳಲು ಕಾನ್ ಬಳಸಿದ ಇಂಗ್ಲಿಷ್ ಕ್ರಿಯಾಪದ 'ಹಾರ್ನೆಸ್', ಅದು ಕುದುರೆಗೆ ಸರಂಜಾಮು ಕಟ್ಟಿ ಗಾಡಿಗೆ ಹೂಡುವುದಕ್ಕೆ ಹೇಳುವ ಮಾತು. ನಮ್ಮ 'ಹೂಡು' ಅದಕ್ಕೆ ಎಷ್ಟು ಹತ್ತಿರ! ಆದರೆ 'ಹೂಡಿಕೆ' ಇವತ್ತು ದುಡ್ಡಿನ ಪಾಲಾಗಿದೆ.

ಸದ್ಯಕ್ಕೆ ನಾನು 'ಕೆಲಸದ ನಂಟು' ಎಂದು ಬರೆದುಕೊಂಡಿದ್ದೇನೆ. ನಂಟಿಗೆ ಎರಡು ಕಡೆ ಇರುತ್ತದೆ, ಒಂದು ಕಡೆಯವರು ಕೆಡಿಸಿದರೂ ಕೆಡುತ್ತದೆ, ಅದಕ್ಕೇ ಹಿಡಿಸಿತು. ಅಲೈನ್‌ಮೆಂಟಿಗೆ 'ಗುರಿ ಕೂಡುವಿಕೆ' ಎಂದಿದ್ದೇನೆ, ಅದು ಮಾತ್ರ ನಾಲಿಗೆಗೆ ಸರಿಯಾಗಿ ಕೂರುತ್ತಿಲ್ಲ.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಮುಯ್ಯಾಳು ಕಟ್ಟಿಕೊಂಡು (ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ಕೆಲಸಕ್ಕೆ ಬಂದು) ನಾಟಿ ಮಾಡುವಾಗ ಎಲ್ಲರ ಕೈ ಒಂದೇ ಹದಕ್ಕೆ, ಒಂದೇ ಕಡೆಗೆ ಸಾಗುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಹಿರಿಯರು ಏನನ್ನುತ್ತಿದ್ದರು? ಮೇಸ್ತ್ರಿಗಳ ಬಾಯಲ್ಲಿ ಬರುವ ಮಾತಾದರೂ ಸರಿ. ಪಟ್ಟಿ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.